ಎರಡು ತಿಂಗಳ ಹಿಂದಿನ ಪೆಟ್ಟು, ಈಗ ಮಿದುಳಿನ ಮೇಲೆ ರಕ್ತ: 78ರ ಮಾವನವರಿಗೆ ಆಪರೇಷನ್ ಬೇಕಾ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮಾವನವರಿಗೆ 78 ವರ್ಷ. 14 ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಅವತ್ತಿನಿಂದ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ನಡೆಯುತ್ತಿವೆ. ಸುಮಾರು ಎರಡು ತಿಂಗಳ ಹಿಂದೆ ಕೊಟ್ಟಿಗೆಯಿಂದ ಬರುವಾಗ ಬಾಗಿಲ ಚೌಕಟ್ಟಿನ ಮೇಲಿನ ಮರಕ್ಕೆ ತಲೆ ಬಡಿಯಿತು. ರಕ್ತ ಬರಲಿಲ್ಲ, ಪ್ರಜ್ಞೆ ತಪ್ಪಲಿಲ್ಲ. ಸ್ವಲ್ಪ ಊದಿಕೊಂಡಿತ್ತು, ಎಣ್ಣೆ ಹಚ್ಚಿದೆವು, ಆಮೇಲೆ ಮರೆತೇಬಿಟ್ಟೆವು. ಈಗ ಮೂರು ವಾರದಿಂದ ಎಡಗಾಲು ಎಳೆದುಕೊಂಡು ನಡೆಯುತ್ತಾರೆ. ಕಾಫಿ ಲೋಟ ಎರಡು ಸಲ ಕೈಜಾರಿ ಬಿತ್ತು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಳ್ಳುತ್ತಾರೆ. ಊಟಕ್ಕೆ ಕೂತಲ್ಲೇ ತೂಕಡಿಸುತ್ತಾರೆ. ಹಾಸಿಗೆಯಲ್ಲೇ ಮೂತ್ರ ಹೋದದ್ದೂ ಇದೆ. ಒಂದೊಂದು ದಿನ ಮಾತ್ರ ಪೂರ್ತಿ ಸರಿ ಇರುತ್ತಾರೆ, ಅಡಿಕೆ ರೇಟು ಎಷ್ಟಾಯಿತು ಎಂದು ಕೇಳುತ್ತಾರೆ. ಮೊದಲು ತೋರಿಸಿದ ಕಡೆ ‘ವಯಸ್ಸಾಯಿತಲ್ಲ’ ಅಂದರು. ಈಗ ಶಿವಮೊಗ್ಗದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಬಲಗಡೆ ‘ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮ’, 18 ಮಿ.ಮೀ. ದಪ್ಪ, ಮಿದುಳು 9 ಮಿ.ಮೀ. ಸರಿದಿದೆ ಎಂದು ಬಂದಿದೆ. ತಲೆಗೆ ತೂತು ಮಾಡಿ ರಕ್ತ ತೆಗೆಯಬೇಕಂತೆ. ನಮ್ಮ ಭಾವನವರು ಈ ವಯಸ್ಸಿನಲ್ಲಿ ತಲೆ ಆಪರೇಷನ್ ಬೇಡವೇ ಬೇಡ ಅನ್ನುತ್ತಾರೆ. ಸಂಬಂಧಿಕರೊಬ್ಬರು ಮಾತ್ರೆಯಲ್ಲೇ ಕರಗುತ್ತದೆ ಅಂದರು. ಹಾರ್ಟಿನ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳುತ್ತದೆ ಎಂಬ ಭಯ ಬೇರೆ. ಅಷ್ಟು ಸಣ್ಣ ಪೆಟ್ಟಿಗೆ ಇಷ್ಟೆಲ್ಲ ಆಗುತ್ತದಾ? ನಾವು ತಡ ಮಾಡಿದೆವಾ? ಈಗ ಏನು ಮಾಡಲಿ?

ಉತ್ತರ: ಆಪರೇಷನ್ ಮಾಡಿಸಿ, ತಡ ಮಾಡಬೇಡಿ ಎಂದು ನಿಮ್ಮ ಪತ್ರ ಓದಿದ ದಿನವೇ ನಿಮಗೆ ಬೇರೆಯಾಗಿ ತಿಳಿಸಿದ್ದೇನೆ. ಅದರ ಹಿಂದಿನ ಕಾರಣಗಳನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ. ಇದೇ ಗೊಂದಲದಲ್ಲಿರುವ ಮನೆಗಳು ಬಹಳ ಇವೆ. ನ್ಯೂರೋಸರ್ಜರಿ ವಾರ್ಡಿನಲ್ಲಿ ವಯಸ್ಸಾದವರಿಗೆ ನಾವು ಮಾಡುವ ಆಪರೇಷನ್‌ಗಳಲ್ಲಿ ತೀರಾ ಸಾಮಾನ್ಯವಾದವುಗಳಲ್ಲಿ ಇದೂ ಒಂದು. ಮನೆಯವರು ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ನಿಮ್ಮವೇ.

ನಿಮ್ಮ ಆತಂಕ ಮೂರು ಎಳೆಯದ್ದು ಎಂದು ನನಗೆ ಕಾಣುತ್ತದೆ. ಸಣ್ಣ ಪೆಟ್ಟಿಗೂ ಈಗಿನ ಸ್ಥಿತಿಗೂ ನಿಜವಾಗಿ ಸಂಬಂಧ ಇದೆಯಾ ಎಂಬುದು ಒಂದು. ತಲೆಗೆ ಕೈ ಹಾಕದೆ ಗುಣ ಆಗುವ ದಾರಿ ಇದೆಯಾ ಎಂಬುದು ಇನ್ನೊಂದು. ಹಾರ್ಟ್ ಉಳಿಸಲು ಹೋದರೆ ತಲೆ, ತಲೆ ಉಳಿಸಲು ಹೋದರೆ ಹಾರ್ಟ್ ಎಂಬ ಇಕ್ಕಟ್ಟು ಮೂರನೆಯದು. ಮೊದಲ ಎರಡಕ್ಕೆ ಸ್ಪಷ್ಟ ಉತ್ತರ ಇದೆ. ಕಷ್ಟದ್ದು ಮೂರನೆಯದು.

ಪೆಟ್ಟಿನಿಂದ ಶುರು ಮಾಡೋಣ. ಮಿದುಳಿನ ಸುತ್ತ ‘ಡ್ಯೂರಾ’ ಎಂಬ ಗಟ್ಟಿಯಾದ ಪೊರೆ ಇದೆ, ಅದು ತಲೆಬುರುಡೆಗೆ ಒಳಗಡೆಯಿಂದ ಅಂಟಿಕೊಂಡಿರುತ್ತದೆ. ಅದರ ಕೆಳಗೆ ರಕ್ತ ಸೇರಿಕೊಂಡರೆ ಅದೇ ‘ಸಬ್‌ಡ್ಯೂರಲ್ ಹೆಮಟೋಮ’. ವಯಸ್ಸಾಗುತ್ತಾ ಮಿದುಳು ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ತೆಂಗಿನಕಾಯಿ ಒಣಗಿ ಗಿಟುಕಾದಾಗ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಅಲ್ಲಾಡುತ್ತದಲ್ಲ, ಸುಮಾರು ಹಾಗೆ ಬುರುಡೆಗೂ ಮಿದುಳಿಗೂ ನಡುವೆ ಜಾಗ ಬಿಡುತ್ತದೆ. ಮಿದುಳಿನ ಮೇಲ್ಮೈಯಿಂದ ಡ್ಯೂರಾಕ್ಕೆ ರಕ್ತ ಸಾಗಿಸುವ ಸಣ್ಣ ಸಣ್ಣ ರಕ್ತನಾಳಗಳು ಈ ಖಾಲಿ ಜಾಗವನ್ನು ದಾಟಿ ಹೋಗಬೇಕು. ಜಾಗ ಜಾಸ್ತಿಯಾದಷ್ಟೂ ಅವು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಆಗ ಒಂದು ಸಣ್ಣ ಪೆಟ್ಟು, ಬಸ್ಸಿನಲ್ಲಿ ಒಂದು ಜೋರು ಕುಲುಕು, ಕೆಲವೊಮ್ಮೆ ದಡಕ್ಕನೆ ಕೂತದ್ದೂ ಸಾಕು, ಒಂದು ನಾಳ ಹರಿದು ರಕ್ತ ಜಿನುಗಲು. ತಲೆ ಒಡೆಯಬೇಕಿಲ್ಲ, ಪ್ರಜ್ಞೆ ತಪ್ಪಬೇಕಿಲ್ಲ. ಪೆಟ್ಟು ಬಿದ್ದದ್ದೇ ನೆನಪಿಲ್ಲ ಅನ್ನುವವರೂ ಸಾಕಷ್ಟು ಮಂದಿ ಇರುತ್ತಾರೆ.

ಹಾಗಾದರೆ ಅವತ್ತೇ ಏಕೆ ತೊಂದರೆ ಆಗಲಿಲ್ಲ? ಮೊದಲ ದಿನ ಜಿನುಗಿದ ರಕ್ತ ಸಾಮಾನ್ಯವಾಗಿ ಬಹಳ ಕಡಿಮೆ. ಆಮೇಲೆ ನಡೆಯುವುದೇ ಈ ಕಾಯಿಲೆಯ ಮುಖ್ಯ ಭಾಗ. ಆ ರಕ್ತ ಇರಬಾರದ ಜಾಗದಲ್ಲಿದೆ ಎಂದು ದೇಹ ಅದರ ಸುತ್ತ ಒಂದು ತೆಳು ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿ ಹೊಸ ಸೂಕ್ಷ್ಮ ರಕ್ತನಾಳಗಳು ಹುಟ್ಟುತ್ತವೆ. ಅವು ಬಲಿತ ನಾಳಗಳಲ್ಲ, ಸೋರುತ್ತಲೇ ಇರುತ್ತವೆ. ಒಳಗೆ ಉರಿಯೂತ ಇರುತ್ತದೆ, ಹೆಪ್ಪು ಕರಗಿಸುವ ಅಂಶಗಳೂ ಇರುತ್ತವೆ. ಹಾಗಾಗಿ ಸೋರಿದ್ದು ಹೆಪ್ಪುಗಟ್ಟಿ ನಿಲ್ಲುವುದೂ ಇಲ್ಲ. ವಾರಗಟ್ಟಲೆ ಇದೇ ನಡೆದು ರಕ್ತದ ಪಟ್ಟಿ ದಪ್ಪ ಆಗುತ್ತಾ ಹೋಗುತ್ತದೆ. ಮೂರು ವಾರ ದಾಟಿದ ರಕ್ತವನ್ನು ನಾವು ‘ಕ್ರಾನಿಕ್’ ಅನ್ನುತ್ತೇವೆ. ಮಿದುಳು ಕುಗ್ಗಿ ಜಾಗ ಇರುವುದರಿಂದಲೇ ವಯಸ್ಸಾದವರು 100 ಮಿ.ಲೀ. ದ್ರವ ತುಂಬುವವರೆಗೂ ಹೇಗೋ ತಡೆದುಕೊಂಡಿರಬಲ್ಲರು. ಜಾಗ ಮುಗಿದ ಮೇಲೆ ಮಾತ್ರ ಒಂದೊಂದೇ ಲಕ್ಷಣ ಹೊರಗೆ ಬರುತ್ತದೆ.

ಈ ವಿಷಯದಲ್ಲಿ ವೈದ್ಯರೇ ಬಹಳ ಕಾಲ ವಾದ ಮಾಡಿದ್ದಾರೆ. 1857ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಇದು ಪೊರೆಯ ಉರಿಯೂತದ ಕಾಯಿಲೆ ಎಂದರು. 1914ರಲ್ಲಿ ಲಂಡನ್ನಿನ ಸರ್ಜನ್ ವಿಲ್ಫ್ರೆಡ್ ಟ್ರಾಟರ್ ಇಲ್ಲ, ಇದು ಪೆಟ್ಟಿನಿಂದ ರಕ್ತನಾಳ ಹರಿದು ಆಗುವುದು ಎಂದರು. ಇಬ್ಬರ ಮಾತಿನಲ್ಲೂ ನಿಜ ಇದೆ ಎಂದು ಈಗ ಗೊತ್ತಾಗಿದೆ. ಪೆಟ್ಟು ಶುರು ಮಾಡುತ್ತದೆ, ಉರಿಯೂತ ಬೆಳೆಸುತ್ತದೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ಕೆಳಗೆ ಬರುವ ಚಿಕಿತ್ಸೆಗಳು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ನಿಮ್ಮ ಮಾವನವರು ತೆಗೆದುಕೊಳ್ಳುವ ಎರಡು ಮಾತ್ರೆಗಳೂ ಸೋರಿಕೆ ನಿಲ್ಲದಂತೆ ಮಾಡಿರುತ್ತವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಎಂಬ ಕಣಗಳನ್ನು ಮಂಕು ಮಾಡುತ್ತವೆ. ವಾಲ್ವ್ ಬದಲಿಸಿದವರು ತೆಗೆದುಕೊಳ್ಳುವ ವಾರ್ಫರಿನ್, ಅಸಿಟ್ರಾಮ್, ಹೃದಯದ ಬಡಿತ ತಪ್ಪುವವರಿಗೆ ಕೊಡುವ ಅಪಿಕ್ಸಬಾನ್, ಡಬಿಗಾಟ್ರಾನ್ ಬೇರೆ ದಾರಿಯಲ್ಲಿ ಕೆಲಸ ಮಾಡಿದರೂ ಹೆಪ್ಪುಗಟ್ಟುವುದನ್ನು ತಡೆಯುವ ಇದೇ ಸಾಲಿಗೆ ಸೇರಿದವು. ದಿನಾ ಕುಡಿಯುವವರು, ಡಯಾಲಿಸಿಸ್‌ನಲ್ಲಿ ಇರುವವರು, ಲಿವರ್ ಕೆಟ್ಟವರು, ಪದೇ ಪದೇ ಬೀಳುವವರು, ಇವರಿಗೂ ಅಪಾಯ ಜಾಸ್ತಿ.

ಈಗ ನಿಮ್ಮ ‘ತಡ ಮಾಡಿದೆವಾ’ ಎಂಬ ಪ್ರಶ್ನೆ. ಇಲ್ಲ. ಈ ಕಾಯಿಲೆ ಹೊರಗೆ ಕಾಣುವುದೇ ತಡವಾಗಿ. ಪೆಟ್ಟು ಬಿದ್ದ ದಿನ ನೀವು ಸ್ಕ್ಯಾನ್ ಮಾಡಿಸಿದ್ದರೆ ಬಹುಶಃ ‘ನಾರ್ಮಲ್’ ಎಂದೇ ಬರುತ್ತಿತ್ತು. ಇದು ಎಲ್ಲರೂ ತಿಳಿದಿರಬೇಕಾದ ಮಾತು: ಬಿದ್ದ ದಿನದ ಸ್ಕ್ಯಾನ್ ಸರಿ ಇತ್ತು ಎಂದರೆ ಆರು ವಾರದ ನಂತರವೂ ಸರಿ ಇರುತ್ತದೆ ಎಂದು ಅರ್ಥವಲ್ಲ. ಹೊರಗೆ ಊದಿಕೊಂಡರೆ ಒಳಗೆ ಏನೂ ಆಗಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅದಕ್ಕೆ ಆಧಾರವಿಲ್ಲ. ಹೊರಗಿನ ಊತ ಚರ್ಮದ ಕೆಳಗಿನದ್ದು, ಒಳಗಿನ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವು ಹಚ್ಚಿದ ಎಣ್ಣೆಯಿಂದ ಏನೂ ಕೆಟ್ಟದ್ದೂ ಆಗಿಲ್ಲ.

ನನಗೆ ಬೇಸರ ತರಿಸುವುದು ‘ವಯಸ್ಸಾಯಿತಲ್ಲ’ ಎಂಬ ಮಾತು. ಅರಳು ಮರಳು ಎಂದು ಕೈಬಿಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದು ಎಷ್ಟು ದಿನದಿಂದ? ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ದೀಪಾವಳಿಗೆ ತಾನೇ ತೋಟ ಸುತ್ತಿ ಬರುತ್ತಿದ್ದವರು ಸಂಕ್ರಾಂತಿಗೆ ಗುಂಡಿ ಹಾಕಿಕೊಳ್ಳಲು ಒದ್ದಾಡಿದರೆ ಅದು ವಯಸ್ಸಲ್ಲ, ಏನೋ ಆಗಿದೆ. ಅದರಲ್ಲೂ ಒಂದು ದಿನ ಸರಿ, ಒಂದು ದಿನ ಮಂಕು, ಹೀಗೆ ಏರುಪೇರು ಆಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ನಿಮ್ಮ ಮಾವನವರು ಒಳ್ಳೆಯ ದಿನ ಅಡಿಕೆ ರೇಟು ಕೇಳುತ್ತಾರೆ ಎಂದಿರಿ. ಎಷ್ಟೋ ಮನೆಗಳಲ್ಲಿ ಆ ಒಂದು ಒಳ್ಳೆಯ ದಿನವೇ ಮೋಸ ಮಾಡುತ್ತದೆ. ಹುಷಾರಾದರು ಎಂದುಕೊಂಡು ಇನ್ನೊಂದು ವಾರ ಸುಮ್ಮನಿರುತ್ತಾರೆ.

ಮನೆಯಲ್ಲೇ ನೋಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ, ನಾವು ವಾರ್ಡಿನಲ್ಲೂ ದಿನಾ ಮಾಡುವುದು ಇದನ್ನೇ. ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ. ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ, ಅಂಗೈ ಮೇಲೆ ಮುಖ ಮಾಡಿರಲಿ. ಕಣ್ಣು ಮುಚ್ಚಿಸಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಮಿದುಳಿನ ಒಂದು ಬದಿಗೆ ಒತ್ತಡ ಇದ್ದರೆ ಎದುರು ಬದಿಯ ಕೈ ತಾನಾಗಿ ಸ್ವಲ್ಪ ಒಳಗೆ ತಿರುಗಿ ಕೆಳಗೆ ಇಳಿಯುತ್ತದೆ. ಅವರಿಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಮಾವನವರದ್ದು ಬಲಗಡೆಯ ರಕ್ತ, ಹಾಗಾಗಿ ಎಡಗೈ, ಎಡಗಾಲು. ಲೋಟ ಜಾರಿದ್ದು ಅದಕ್ಕೇ. ಕೈ ಇಳಿಯಲಿಲ್ಲ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಲ್ಲ. ಇಳಿದರೆ ಮಾತ್ರ ಅವತ್ತೇ ಸ್ಕ್ಯಾನಿಗೆ ಹೊರಡಿ.

ಇನ್ನೊಂದು ಎಚ್ಚರಿಕೆ. ಕೈಕಾಲು ಒಂದು ಕಡೆ ಬಲ ಕಳೆದುಕೊಂಡರೆ ‘ಲಕ್ವ’ ಎಂದುಕೊಂಡು ಮನೆಯಲ್ಲೇ ಆಸ್ಪಿರಿನ್ ಕೊಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಕ್ತ ಕಟ್ಟಿ ಆದ ಲಕ್ವಕ್ಕೂ ರಕ್ತ ಸೋರಿ ಆದ ಈ ಕಾಯಿಲೆಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ, ಚಿಕಿತ್ಸೆ ಮಾತ್ರ ಪೂರ್ತಿ ತಿರುಗುಮುರುಗು. ಸಿ.ಟಿ. ಆಗುವವರೆಗೆ ಏನೂ ಕೊಡಬಾರದು. ಸಿ.ಟಿ.ಯಲ್ಲೂ ಒಂದು ಹಂತದಲ್ಲಿ ಈ ರಕ್ತದ ಬಣ್ಣ ಮಿದುಳಿನ ಬಣ್ಣಕ್ಕೆ ಹೊಂದಿಕೊಂಡು ಕಣ್ಣಿಗೆ ಬೀಳದೆ ಹೋಗಬಹುದು. ಎರಡೂ ಕಡೆ ಸಮನಾಗಿ ಇದ್ದರಂತೂ ಮಿದುಳು ಪಕ್ಕಕ್ಕೆ ಸರಿದಿರುವುದಿಲ್ಲ, ಸುಳಿವೇ ಸಿಗುವುದಿಲ್ಲ. ಅನುಮಾನ ಉಳಿದರೆ ಎಂ.ಆರ್.ಐ. ಮಾಡಿಸಬೇಕಾಗುತ್ತದೆ. ನಿಮ್ಮ ಮಾವನವರ ವಿಷಯದಲ್ಲಿ ಆ ಗೊಂದಲ ಇಲ್ಲ.

ಮಾತ್ರೆಯಲ್ಲಿ ಕರಗುತ್ತದಾ ಎಂಬುದಕ್ಕೆ ಬರೋಣ. ನಿಮ್ಮ ಸಂಬಂಧಿಕರು ಸುಳ್ಳು ಹೇಳಿಲ್ಲ. ಕೆಲವರಲ್ಲಿ ಇದು ತಾನಾಗಿ ಕರಗುತ್ತದೆ. ಪಟ್ಟಿ ತೆಳ್ಳಗಿದ್ದು, ಮಿದುಳು ಸರಿಯದೆ, ತಲೆನೋವು ಬಿಟ್ಟು ಬೇರೆ ತೊಂದರೆ ಇಲ್ಲದಿದ್ದರೆ ನಾವೂ ಆಪರೇಷನ್ ಮಾಡುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆಯ ವಿಚಾರ ನೋಡಿಕೊಂಡು, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಾ ಕಾಯುತ್ತೇವೆ. ಆದರೆ ಕೈಕಾಲಿನ ಬಲ ಕುಂದಿದೆ, ತೂಕಡಿಕೆ ಇದೆ, ಮಿದುಳು 9 ಮಿ.ಮೀ. ಪಕ್ಕಕ್ಕೆ ಸರಿದಿದೆ ಎಂದಾಗ ಕಾಯುವ ಹಂತ ದಾಟಿದೆ.

ಉರಿಯೂತ ಇದೆಯಲ್ಲ, ಹಾಗಾದರೆ ಸ್ಟೀರಾಯ್ಡ್ ಕೊಟ್ಟರೆ ಆಗದೇ ಎಂದು ವೈದ್ಯರಿಗೂ ಅನ್ನಿಸಿತ್ತು. ಡೆಕ್ಸಾಮೆಥಸೋನ್ ಮಾತ್ರೆಯನ್ನು ವರ್ಷಗಟ್ಟಲೆ ಹಲವು ಕಡೆ ಬಳಸಿದರು. ಕೊನೆಗೆ ಬ್ರಿಟನ್ನಿನಲ್ಲಿ 748 ರೋಗಿಗಳ ಮೇಲೆ ಸರಿಯಾದ ಪರೀಕ್ಷೆ ನಡೆದು 2020ರಲ್ಲಿ ಫಲಿತಾಂಶ ಬಂತು. ಇವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಕೂಡ ಆಗಿತ್ತು. ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಎರಡನೇ ಆಪರೇಷನ್ ಬೇಕಾದವರು ಕಡಿಮೆ ಇದ್ದರು, ನಿಜ. ಆದರೆ ಆರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಅವರಲ್ಲಿ ಶೇ 83.9, ಔಷಧಿ ಇಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ 90.3. ಸೋಂಕು, ಶುಗರ್ ಏರುವುದು, ತಲೆ ಕೆಟ್ಟಂತೆ ಆಡುವುದು, ಇಂಥ ಅಡ್ಡಪರಿಣಾಮಗಳು ಲಾಭವನ್ನು ತಿಂದುಹಾಕಿದವು. ಆಪರೇಷನ್ ಬದಲು ಸ್ಟೀರಾಯ್ಡ್ ಕೊಟ್ಟು ನೋಡಿದ ನೆದರ್‌ಲ್ಯಾಂಡ್ಸ್‌ನ ಪರೀಕ್ಷೆಯನ್ನಂತೂ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕೊಲೆಸ್ಟರಾಲ್ ಮಾತ್ರೆ ಅಟೋರ್ವಾಸ್ಟಾಟಿನ್ ಬಗ್ಗೆ ಚೀನಾದಿಂದ 2018ರಲ್ಲಿ ಒಳ್ಳೆಯ ವರದಿ ಬಂದಿದೆ. ಅದು ಸಣ್ಣ ಪರೀಕ್ಷೆ, ಆಪರೇಷನ್ ತುರ್ತಾಗಿ ಬೇಡದವರ ಮೇಲೆ ಮಾಡಿದ್ದು. ಸ್ಟೆಂಟ್ ಹಾಕಿದವರು ಹೇಗೂ ಅಂಥ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ, ಅದನ್ನು ಮುಂದುವರಿಸಲಿ. ಅದನ್ನೇ ನಂಬಿ ಆಪರೇಷನ್ ಮುಂದೂಡುವಂತಿಲ್ಲ. ನಾಟಿ ಔಷಧಿ, ಮೂಗಿಗೆ ಎಣ್ಣೆ, ತಲೆಗೆ ಮಾಲೀಶು, ಇವು ಬುರುಡೆಯ ಒಳಗಿನ ದ್ರವವನ್ನು ಮುಟ್ಟಲಾರವು. ಅವುಗಳ ನಿಜವಾದ ಹಾನಿ ಎಂದರೆ ಅವು ತಿನ್ನುವ ದಿನಗಳು.

ಈಗ ಭಾವನವರ ಮಾತು. ‘ತಲೆ ಆಪರೇಷನ್’ ಎಂದಾಗ ಅವರ ಕಣ್ಣ ಮುಂದೆ ಬರುವುದು ಬುರುಡೆ ತೆರೆದು ಮಿದುಳಿಗೆ ಕತ್ತಿ ಹಾಕುವ ಚಿತ್ರ. ಇದು ಅದಲ್ಲ. ಮಿದುಳನ್ನು ನಾವು ಮುಟ್ಟುವುದೇ ಇಲ್ಲ. ಅದನ್ನು ಅವರಿಗೆ ಓದಿ ಹೇಳಿ ಎಂದೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ತಲೆಯ ಒಂದು ಭಾಗದ ಕೂದಲು ತೆಗೆಯುತ್ತಾರೆ. ಹೃದಯ, ಶ್ವಾಸಕೋಶ ದುರ್ಬಲ ಇದ್ದವರಿಗೆ ಪೂರ್ತಿ ಅರಿವಳಿಕೆ ಬೇಕೆಂದೇ ಇಲ್ಲ. ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್, ಜೊತೆಗೆ ಸ್ವಲ್ಪ ಮಂಪರು, ಅಷ್ಟರಲ್ಲೇ ಮಾಡಬಹುದು. ಸುಮಾರು ಒಂದು ಇಂಚು ಉದ್ದದ ಗಾಯ, ಅದರ ಕೆಳಗೆ ಮೂಳೆಯಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕ ರಂಧ್ರ. ಸಾಮಾನ್ಯವಾಗಿ ಒಂದು ಅಥವಾ ಎರಡು ರಂಧ್ರ. ಈ ಡ್ರಿಲ್ ಮೂಳೆ ಮುಗಿದ ತಕ್ಷಣ ತಾನಾಗಿ ನಿಲ್ಲುವಂಥದ್ದು. ಎದುರಿಗೆ ಡ್ಯೂರಾ ಕಾಣುತ್ತದೆ, ಒಳಗಿನ ದ್ರವದಿಂದ ನೀಲಿ ಛಾಯೆಗೆ ತಿರುಗಿ ಬಿಗಿದುಕೊಂಡಿರುತ್ತದೆ. ಅದನ್ನು ಸಣ್ಣದಾಗಿ ಕೊಯ್ದರೆ ಕಪ್ಪು ಕಂದು ಬಣ್ಣದ ತೆಳ್ಳಗಿನ ದ್ರವ ಒತ್ತಡಕ್ಕೆ ಚಿಮ್ಮಿ ಬರುತ್ತದೆ. ಆಮೇಲೆ ಮೈಬಿಸಿಯಷ್ಟು ಬೆಚ್ಚಗಿನ ಸಲೈನ್ ಹಾಕಿ, ತಿಳಿಯಾಗುವವರೆಗೂ ತೊಳೆಯುತ್ತೇವೆ. ಅಷ್ಟು ಹೊತ್ತಿಗೆ ಆಳದಲ್ಲಿ ಒತ್ತಿಕೊಂಡು ಕೂತಿದ್ದ ಮಿದುಳು ನಿಧಾನವಾಗಿ ಮೇಲೆ ಬರುವುದು, ಬಡಿಯುವುದು ಕಾಣುತ್ತದೆ. ಎಷ್ಟು ವರ್ಷ ಈ ಕೆಲಸ ಮಾಡಿದರೂ ಅದನ್ನು ನೋಡಿದಾಗ ಆಗುವ ಸಮಾಧಾನ ಕಡಿಮೆಯಾಗಿಲ್ಲ. ಕೊನೆಗೆ ಒಂದು ತೆಳು ರಬ್ಬರ್ ನಳಿಕೆ ಇಟ್ಟು, ಉಳಿದ ದ್ರವ ಇಳಿದುಹೋಗಲು ಚೀಲಕ್ಕೆ ಜೋಡಿಸಿ ಹೊಲಿಗೆ ಹಾಕುತ್ತೇವೆ. ಎಲ್ಲ ಸೇರಿ ಸಾಮಾನ್ಯವಾಗಿ ಒಂದು ಗಂಟೆಯೊಳಗಿನ ಕೆಲಸ.

ಆ ನಳಿಕೆ ಇಡುತ್ತಾರಾ ಎಂದು ನಿಮ್ಮ ಸರ್ಜನ್ನರನ್ನು ಕೇಳಿ. ಹೆಚ್ಚಿನವರು ಇಡುತ್ತಾರೆ, ಆದರೂ ಕೇಳಿ. ಕೇಂಬ್ರಿಜ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಳಿಕೆ ಇಟ್ಟವರಲ್ಲಿ ಶೇ 9.3 ಮಂದಿಗೆ ಮಾತ್ರ ಮತ್ತೆ ಆಪರೇಷನ್ ಬೇಕಾಯಿತು, ಇಡದವರಲ್ಲಿ ಶೇ 24 ಮಂದಿಗೆ. ಆರು ತಿಂಗಳಲ್ಲಿ ತೀರಿಕೊಂಡವರು ನಳಿಕೆ ಇಟ್ಟವರಲ್ಲಿ ಶೇ 8.6, ಇಡದವರಲ್ಲಿ ಶೇ 18.1. ಇಷ್ಟು ಸಣ್ಣ ವಸ್ತು ಇಷ್ಟು ದೊಡ್ಡ ವ್ಯತ್ಯಾಸ ಮಾಡುವುದು ನಮ್ಮ ವಿಭಾಗದಲ್ಲಿ ಅಪರೂಪ.

ಈ ಅಂಕಿಗಳಲ್ಲೇ ಇನ್ನೊಂದು ಸತ್ಯವೂ ಇದೆ, ಅದನ್ನು ಮುಚ್ಚಿಡಬಾರದು. ಎಲ್ಲ ಸರಿಯಾಗಿ ನಡೆದರೂ ಕೆಲವರು ತಿಂಗಳುಗಳಲ್ಲಿ ತೀರಿಕೊಳ್ಳುತ್ತಾರೆ. ಮೇಜಿನ ಮೇಲೆ ಪ್ರಾಣ ಹೋಗುವುದು ಬಹಳ ಅಪರೂಪ. ಆದರೆ ಈ ಕಾಯಿಲೆ ಬರುವುದೇ ಹೃದಯ, ಕಿಡ್ನಿ, ಸ್ನಾಯು ಎಲ್ಲ ಸವೆದ ದೇಹಕ್ಕೆ. ಆಸ್ಪತ್ರೆಯಲ್ಲಿ ಮಲಗಿದಾಗ ನ್ಯುಮೋನಿಯಾ ಬರಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಸ್ಟೆಂಟ್ ತೊಂದರೆ ಕೊಡಬಹುದು. ತಲೆಗೆ ಸಂಬಂಧಿಸಿದ ಅಪಾಯ ಎಂದರೆ ಹೊಸದಾಗಿ ರಕ್ತ ಸೋರುವುದು, ಫಿಟ್ಸ್, ಸೋಂಕು. ಇವು ಕಡಿಮೆ, ಆದರೆ ಇವೆ. ರಾತ್ರಿ ಹೊತ್ತು ಗೊಂದಲ, ಯಾರನ್ನೋ ಕರೆಯುವುದು, ನಳಿಕೆ ಕಿತ್ತುಕೊಳ್ಳಲು ನೋಡುವುದು ಮಾತ್ರ ಸಾಮಾನ್ಯ. ಮನೆಯವರು ಇದನ್ನು ಕಂಡು ‘ಆಪರೇಷನ್ನಿಂದ ತಲೆ ಕೆಟ್ಟಿತು’ ಎಂದು ಹೆದರುತ್ತಾರೆ. ಹೆಚ್ಚಿನವರಲ್ಲಿ ಕೆಲವು ದಿನದಲ್ಲಿ ಸರಿಯಾಗುತ್ತದೆ. ಕನ್ನಡಕ, ಕಿವಿಯ ಮೆಷಿನ್, ಹಲ್ಲಿನ ಸೆಟ್ ಇದ್ದರೆ ಆಸ್ಪತ್ರೆಗೆ ತನ್ನಿ, ರಾತ್ರಿ ಪರಿಚಿತ ಮುಖವೊಂದು ಪಕ್ಕದಲ್ಲಿರಲಿ. ಮಾತ್ರೆಗಿಂತ ಇದೇ ಜಾಸ್ತಿ ಕೆಲಸ ಮಾಡುತ್ತದೆ.

ದ್ರವ ಮತ್ತೆ ತುಂಬುವುದು ಇನ್ನೊಂದು ಸಮಸ್ಯೆ. ಒಟ್ಟಾರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಜನರಿಗೆ ಹಾಗಾಗುತ್ತದೆ, ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲಿ. ಆಪರೇಷನ್ ಕೆಟ್ಟಿತು ಎಂದು ಅದಕ್ಕೆ ಅರ್ಥವಲ್ಲ. ಪೊರೆ ಇನ್ನೂ ಅಲ್ಲೇ ಇದೆ, ಸೋರುವ ನಾಳಗಳು ಇನ್ನೂ ಒಣಗಿಲ್ಲ. ಅದೇ ರಂಧ್ರದಿಂದ ಮತ್ತೊಮ್ಮೆ ತೆಗೆಯಬೇಕಾಗಬಹುದು, ಅಷ್ಟೇ.

ಇಲ್ಲೇ ಈಚಿನ ಹೊಸ ಚಿಕಿತ್ಸೆಯ ಮಾತು ಬರುತ್ತದೆ. ಆ ಪೊರೆಗೆ ರಕ್ತ ಕೊಡುವುದು ‘ಮಿಡಲ್ ಮೆನಿಂಜಿಯಲ್’ ಎಂಬ ಅಪಧಮನಿಯ ಸಣ್ಣ ಕವಲುಗಳು. ಆಂಜಿಯೋಗ್ರಾಮ್ ಮಾಡುವ ರೀತಿಯಲ್ಲೇ ಕೈ ಅಥವಾ ತೊಡೆಸಂದಿನಿಂದ ತೆಳು ನಳಿಕೆ ಕಳಿಸಿ ಆ ಕವಲುಗಳನ್ನು ಮುಚ್ಚಿದರೆ ಪೊರೆ ಒಣಗುತ್ತದೆ. ಇದಕ್ಕೆ ಎಂಬೊಲೈಸೇಷನ್ ಅನ್ನುತ್ತಾರೆ. ಆಪರೇಷನ್ ಜೊತೆಗೆ ಇದನ್ನೂ ಮಾಡಿದರೆ ಹೇಗೆ ಎಂದು ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. 90 ದಿನದಲ್ಲಿ ಮತ್ತೆ ಆಪರೇಷನ್ ಬೇಕಾದವರು ಶೇ 11.3ರಿಂದ ಶೇ 4.1ಕ್ಕೆ ಇಳಿದರು. ಆಮೇಲೆ ಬಂದ ಎಲ್ಲ ವರದಿಗಳೂ ಇಷ್ಟು ಸ್ಪಷ್ಟವಾಗಿಲ್ಲ. ಈಗ ನಮ್ಮಲ್ಲೂ ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಖರ್ಚು ಜಾಸ್ತಿ. ಕಣ್ಣಿಗೆ ಹೋಗುವ ರಕ್ತನಾಳಕ್ಕೂ ಇದಕ್ಕೂ ಕೆಲವರಲ್ಲಿ ಸಂಪರ್ಕ ಇರುತ್ತದೆ, ಹಾಗಾಗಿ ದೃಷ್ಟಿ ಹೋಗುವ ಸಣ್ಣ ಅಪಾಯವೂ ಇದೆ. ಲಕ್ವದ ಅಪಾಯವೂ ಅಲ್ಪ ಇದೆ. ಅದಕ್ಕಿಂತ ಮುಖ್ಯ, ಇದು ಕೆಲಸ ಮಾಡಲು ವಾರಗಳು ಬೇಕು. ನಿಮ್ಮ ಮಾವನವರ ಮಿದುಳಿನ ಮೇಲೆ ಒತ್ತಡ ಇವತ್ತು ಇದೆ. ಹಾಗಾಗಿ ‘ತೂತು ಬೇಡ, ಇದೊಂದೇ ಮಾಡಿಸೋಣ’ ಎಂದು ಬೆಂಗಳೂರಿಗೆ ಹೊರಡಬೇಡಿ. ಮೊದಲು ದ್ರವ ತೆಗೆಸಿ. ಮತ್ತೆ ತುಂಬಿದರೆ, ಅಥವಾ ಹಾರ್ಟ್ ಡಾಕ್ಟರು ಮಾತ್ರೆ ಬೇಗ ಶುರು ಮಾಡಲೇಬೇಕು ಎಂದರೆ, ಆಗ ಇದನ್ನು ಯೋಚಿಸಬಹುದು.

ಹಾರ್ಟ್ ಮಾತ್ರೆಗಳ ಇಕ್ಕಟ್ಟಿಗೆ ಬಂದೆವು. ಮನೆಯಲ್ಲೇ ತೀರ್ಮಾನ ಮಾಡಿ ಎರಡನ್ನೂ ನಿಲ್ಲಿಸಬೇಡಿ. ಎರಡನ್ನೂ ಹಾಗೇ ಮುಂದುವರಿಸಲೂ ಬೇಡಿ. ಇವತ್ತೇ ಸ್ಟೆಂಟ್ ಹಾಕಿದ ಡಾಕ್ಟರಿಗೂ ಸರ್ಜನ್ನರಿಗೂ ಫೋನಿನಲ್ಲಿ ಮಾತಾಡಿಸಿ. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಕೊಟ್ಟದ್ದನ್ನು ನೀವು ಹೊತ್ತು ತಿರುಗುವುದಕ್ಕಿಂತ ಅವರಿಬ್ಬರೂ ಐದು ನಿಮಿಷ ಮಾತಾಡುವುದು ಸಾವಿರ ಪಾಲು ಮೇಲು.

ನಿಮ್ಮ ಪರವಾಗಿ ಒಂದು ಅಂಶ ಇದೆ: ಸ್ಟೆಂಟ್ ಹಾಕಿ 14 ತಿಂಗಳಾಗಿದೆ. ಹಾರ್ಟ್ ಅಟ್ಯಾಕ್ ಆದವರಿಗೆ ಎರಡು ಮಾತ್ರೆಯ ಜೋಡಿಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ, ಆಮೇಲೆ ಒಂದಕ್ಕೆ ಇಳಿಸುವುದು ವಾಡಿಕೆ. ಅದೇ ಸ್ಟೆಂಟ್ ಹಾಕಿ ಒಂದು ತಿಂಗಳಷ್ಟೇ ಆಗಿದ್ದರೆ ಲೆಕ್ಕ ಪೂರ್ತಿ ಬೇರೆ ಆಗುತ್ತಿತ್ತು, ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳುವ ಭಯ ನಿಜವಾಗಿಯೂ ದೊಡ್ಡದು. ಹಾಗಾಗಿ ನಿಮ್ಮ ಹೃದಯ ತಜ್ಞರು ಕ್ಲೋಪಿಡೋಗ್ರೆಲ್ ನಿಲ್ಲಿಸಲು ಒಪ್ಪುವ ಸಾಧ್ಯತೆ ಜಾಸ್ತಿ, ಆಸ್ಪಿರಿನ್ ಬಗ್ಗೆ ಇಬ್ಬರೂ ಸೇರಿ ನಿರ್ಧರಿಸುತ್ತಾರೆ. ಈ ಮಾತ್ರೆಗಳ ಪರಿಣಾಮ ಪೂರ್ತಿ ಇಳಿಯಲು ಐದರಿಂದ ಏಳು ದಿನ ಬೇಕು. ರೋಗಿ ಎಚ್ಚರವಾಗಿದ್ದು, ಸ್ಥಿತಿ ಕೆಡದಿದ್ದರೆ ಕೆಲವು ಸರ್ಜನ್ನರು ಅಷ್ಟು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಕಾಯುತ್ತಾರೆ. ತೂಕಡಿಕೆ ಹೆಚ್ಚುತ್ತಿದ್ದರೆ ಕಾಯುವುದಿಲ್ಲ, ಬೇಕಾದರೆ ಪ್ಲೇಟ್‌ಲೆಟ್ ಕೊಟ್ಟು ಮಾಡುತ್ತಾರೆ. ಎರಡೂ ಸರಿಯೇ. ನಿಮ್ಮ ಮಾವನವರಿಗೆ ಯಾವುದು ಸರಿ ಎಂಬುದನ್ನು ಮಂಚದ ಪಕ್ಕ ನಿಂತು ನೋಡಿದವರೇ ಹೇಳಬೇಕು. ಆದರೆ ಕಾಯುವುದಾದರೆ ಆಸ್ಪತ್ರೆಯಲ್ಲಿ ಕಾಯಬೇಕು, ಮನೆಯಲ್ಲಲ್ಲ. ಸಾಗರದಿಂದ ಶಿವಮೊಗ್ಗಕ್ಕೆ ಮಧ್ಯರಾತ್ರಿ ಹೊರಡುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಲೋಹದ ವಾಲ್ವ್ ಇರುವವರ ಕಥೆ ಇನ್ನೂ ಸೂಕ್ಷ್ಮ. ವಾರ್ಫರಿನ್ ಅಥವಾ ಅಸಿಟ್ರಾಮ್‌ನ ಪರಿಣಾಮವನ್ನು ವಿಟಮಿನ್ ಕೆ ಮತ್ತು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಕೊಟ್ಟು ಬೇಗ ಇಳಿಸಬಹುದು. ಆದರೆ ಬಹಳ ದಿನ ಹಾಗೇ ಬಿಟ್ಟರೆ ವಾಲ್ವ್ ಮೇಲೆ ಹೆಪ್ಪು ಕೂರುತ್ತದೆ. ಅಂಥವರು ದಯವಿಟ್ಟು ಹೃದಯ ವಿಭಾಗವೂ ಇರುವ ಆಸ್ಪತ್ರೆಯಲ್ಲೇ ಆಪರೇಷನ್ ಮಾಡಿಸಿಕೊಳ್ಳಲಿ.

ಆಪರೇಷನ್ ಆದ ಮೇಲೆ ನಳಿಕೆಯನ್ನು ಒಂದೆರಡು ದಿನದಲ್ಲಿ ತೆಗೆಯುತ್ತಾರೆ. ಹಿಂದೆ ಅಷ್ಟೂ ದಿನ ತಲೆದಿಂಬಿಲ್ಲದೆ ಅಂಗಾತ ಮಲಗಿಸುತ್ತಿದ್ದೆವು. ಈಗ ಬೇಗ ಎಬ್ಬಿಸಿ ಕೂರಿಸುವ, ನಡೆಸುವ ಕಡೆಗೆ ಒಲವು ಇದೆ, ಏಕೆಂದರೆ ಮಲಗಿದಷ್ಟೂ ಎದೆಯಲ್ಲಿ ಕಫ ಕಟ್ಟುತ್ತದೆ. ಕೈಕಾಲಿನ ಬಲ ಕೆಲವರಿಗೆ ಅವತ್ತೇ ಸಂಜೆ ವಾಪಸ್ಸು ಬರುತ್ತದೆ. ಕೆಲವರಿಗೆ ವಾರಗಳು ಬೇಕು, ಫಿಸಿಯೋಥೆರಪಿ ಬೇಕು. ನಂತರದ ಸ್ಕ್ಯಾನಿನಲ್ಲಿ ಇನ್ನೂ ಸ್ವಲ್ಪ ದ್ರವ ಕಂಡರೆ ಗಾಬರಿ ಆಗಬೇಡಿ. ಕುಗ್ಗಿದ ಮಿದುಳು ಹಿಗ್ಗಲು ಸಮಯ ತೆಗೆದುಕೊಳ್ಳುತ್ತದೆ. ನಾವು ಸ್ಕ್ಯಾನಿಗಿಂತ ಮನುಷ್ಯನನ್ನು ನೋಡುತ್ತೇವೆ: ಗುಂಡಿ ಹಾಕಿಕೊಳ್ಳುತ್ತಾರಾ, ತಾವೇ ಉಣ್ಣುತ್ತಾರಾ, ಬಚ್ಚಲಿಗೆ ನಡೆದು ಹೋಗುತ್ತಾರಾ ಎಂದು.

ದುಡ್ಡಿನ ಮಾತನ್ನು ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಆಗುತ್ತದಾ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ‘ಆರೋಗ್ಯ ಮಿತ್ರ’ರನ್ನು ಕೇಳಿ. ಆಪರೇಷನ್ ಮುಗಿದ ಮೇಲೆ ಕಾಗದ ಹೊಂದಿಸುವುದು ಕಷ್ಟ.

ಮನೆಗೆ ಬಂದ ಮೇಲೆ ಎರಡನೇ ಪೆಟ್ಟು ಬೀಳದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಹಳೇ ಮನೆಗಳ ಬಾಗಿಲು ತಗ್ಗು. ಕೊಟ್ಟಿಗೆಯ ಆ ಮರಕ್ಕೆ ದಪ್ಪ ಗೋಣಿಯೋ ಫೋಮೋ ಸುತ್ತಿ, ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಕಟ್ಟಿ. ಬಚ್ಚಲಲ್ಲಿ ನೀರು ನಿಲ್ಲದಿರಲಿ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸಿ. ಮಲೆನಾಡಿನ ಮಳೆಗಾಲದಲ್ಲಿ ಅಂಗಳದ ಪಾಚಿಯೇ ಎಷ್ಟೋ ಜನರನ್ನು ನಮ್ಮಲ್ಲಿಗೆ ಕಳಿಸುತ್ತದೆ. ರಾತ್ರಿ ಮೂತ್ರಕ್ಕೆ ಏಳುವಾಗ ಒಂದು ಸಣ್ಣ ದೀಪ ಉರಿಯುತ್ತಿರಲಿ, ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ಏಳಲಿ. ಎದ್ದಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಬಿಪಿ ಮಾತ್ರೆ ಹೆಚ್ಚಾಗಿದೆಯಾ ಎಂದು ತೋರಿಸಿ. ಕುಡಿತ ಇದ್ದರೆ ನಿಲ್ಲಬೇಕು.

ಇನ್ನು ಕೆಲವು ಲಕ್ಷಣಗಳಿಗೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಕರೆದರೂ ಎಚ್ಚರ ಆಗದಿರುವುದು, ಹೊಸದಾಗಿ ಕೈಕಾಲು ಬೀಳುವುದು, ಮಾತು ತೊದಲುವುದು, ಫಿಟ್ಸ್, ವಾಂತಿಯ ಜೊತೆ ಜೋರು ತಲೆನೋವು, ಗಾಯದಿಂದ ನೀರು ಅಥವಾ ಕೀವು, ಜ್ವರ. ಆಪರೇಷನ್ನಿಗೆ ಮೊದಲೂ ಅಷ್ಟೇ, ಆಮೇಲೂ ಅಷ್ಟೇ. 108ಕ್ಕೆ ಕರೆ ಮಾಡಿ. ಹೊರಡುವಾಗ ಸ್ಕ್ಯಾನಿನ ಫಿಲ್ಮು, ಸ್ಟೆಂಟ್ ಹಾಕಿದಾಗಿನ ಡಿಸ್ಚಾರ್ಜ್ ಕಾಗದ, ಮತ್ತು ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಅಲ್ಲ, ಮಾತ್ರೆಗಳ ಎಲೆಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕೊನೆಯ ಸಲ ಕ್ಲೋಪಿಡೋಗ್ರೆಲ್ ಯಾವ ದಿನ, ಎಷ್ಟು ಗಂಟೆಗೆ ಕೊಟ್ಟಿರಿ ಎಂದು ಬರೆದಿಟ್ಟುಕೊಳ್ಳಿ. ಕ್ಯಾಶುವಾಲ್ಟಿಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.